ನಾಣ್ಯವನ್ನು ನಡೆಸಿದವರು ಯಾರು?

ದೆವ್ವದ ಕಥೆಯನ್ನು ಕೇಳದೆ ಬೆಳೆದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ವಿರಳ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದ ಕೊಳ್ಳಿದೆವ್ವ, ಊರಾಚೆಯ ಹುಣಿಸೆಮರದ ಮೋಹಿನಿ, ವಿಕ್ರಮನ ಹೆಗಲೇರಿ ಕಥೆ ಹೇಳುತ್ತ ಸಾಗಿದ ಬೇತಾಳ, ಇವರೆಲ್ಲರೂ ನಮ್ಮ ಬಾಲ್ಯದ ಪರಿಚಿತರೇ. ಓದು ಕಲಿತ ಮೇಲೆ ಈ ಪರಿಚಯ ಇನ್ನಷ್ಟು ಬೆಳೆಯುತ್ತದೆ. ವಾಚನಾಲಯದ ಕಪಾಟಿನಲ್ಲಿ ಮೊದಲು ಸವೆಯುವ ರಟ್ಟು ಗಣಿತದ ಪುಸ್ತಕದ್ದಲ್ಲ. ಪ್ರೇತಗಳ, ಪುನರ್ಜನ್ಮದ, ಪರಲೋಕದ ಸಂದೇಶಗಳ ಪುಸ್ತಕದ್ದು. ಇಂದು ಅದೇ ಕಥೆಗಳು ಕೈಯೊಳಗಿನ ಮೊಬೈಲಿನಲ್ಲಿ ಚಿತ್ರವಾಗಿಯೂ ಧ್ವನಿಯಾಗಿಯೂ ಬರುತ್ತಿವೆ.

ಇಂತಹ ಓದನ್ನು ಕಂಡು ಹಿರಿಯರು ಕೆಲವರು ಬೇಸರಪಡುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಇದೆಲ್ಲ ಏತಕ್ಕೆ ಎಂದು ಅವರ ಪ್ರಶ್ನೆ. ನಮ್ಮ ಅಭಿಪ್ರಾಯ ಬೇರೆ. ಅಲೌಕಿಕದ ಬಗ್ಗೆ ಕುತೂಹಲ ಹುಟ್ಟುವುದು ತಪ್ಪಲ್ಲ. ಆ ಕುತೂಹಲ ಅರ್ಧದಾರಿಯಲ್ಲಿ ನಿಂತುಬಿಡುವುದು ತಪ್ಪು. ಈ ಮಾತು ನಮಗೆ ಪುಸ್ತಕದಿಂದ ಮಾತ್ರ ತಿಳಿದುದಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿ ನಡೆದ ಘಟನೆಯೊಂದು ನಮಗೆ ಇದನ್ನು ಮನದಟ್ಟು ಮಾಡಿಕೊಟ್ಟಿತು. ಅದನ್ನೂ ಅದರ ನೆವದಿಂದ ನಾವು ಓದಿ ತಿಳಿದುದನ್ನೂ ಇಲ್ಲಿ ವಾಚಕರ ಮುಂದಿಡುತ್ತೇವೆ.

ನಾಣ್ಯದ ಕೂಟ

ನಾವು ನಾಲ್ವರು ಒಂದೇ ಕೊಠಡಿಯ ವಾಸಿಗಳು. ನಾಲ್ವರೂ ಇಂತಹ ಪುಸ್ತಕಗಳ ಭಕ್ತರು. ಒಂದು ಪುಸ್ತಕದಲ್ಲಿ ಪ್ರೇತಗಳನ್ನು ಕರೆದು ಮಾತನಾಡಿಸುವ ವಿಧಾನವನ್ನು ಓದಿದೆವು. ದೊಡ್ಡದೊಂದು ಹಾಳೆಯ ಮೇಲೆ ಅಕ್ಷರಗಳನ್ನು ವರ್ತುಲಾಕಾರವಾಗಿ ಬರೆಯಬೇಕು. ಒಂದೆಡೆ 'ಹೌದು', ಎದುರಿಗೆ 'ಇಲ್ಲ' ಎಂದು ಬರೆಯಬೇಕು. ನಡುವೆ ನಾಣ್ಯವೊಂದನ್ನಿಟ್ಟು ಅದರ ಮೇಲೆ ಮೂವರು ಬೆರಳ ತುದಿಯನ್ನು ಹಗುರವಾಗಿ ಇರಿಸಿ, ತೀರಿಕೊಂಡವರೊಬ್ಬರನ್ನು ನೆನೆಯಬೇಕು. ಆಗ ನಾಣ್ಯ ತಾನೇ ಚಲಿಸಿ ಉತ್ತರ ಕೊಡುತ್ತದೆ ಎಂದು ಅಲ್ಲಿ ಬರೆದಿತ್ತು. ಕನ್ನಡದ ಕಾಗುಣಿತವನ್ನೆಲ್ಲ ಒಂದು ಹಾಳೆಯಲ್ಲಿ ಹಿಡಿಸಲಾಗದೆ ನಾವು ಇಂಗ್ಲಿಷಿನ 26 ಅಕ್ಷರಗಳನ್ನೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನೂ ಬರೆದೆವು. ದೀಪವಾರಿಸಿ ಮೇಣದಬತ್ತಿ ಹಚ್ಚಿ ಕುಳಿತೆವು.

ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಅನಂತರ ನಾಣ್ಯ ಒಮ್ಮೆ ನಡುಗಿತು; ಸ್ವಲ್ಪ ಜಾರಿತು; ಮತ್ತೆ ಸರಾಗವಾಗಿ ಹಾಳೆಯ ಮೇಲೆ ಹರಿದಾಡತೊಡಗಿತು. "ಯಾರೋ ತಳ್ಳುತ್ತಿದ್ದೀರಿ" ಎಂದು ಒಬ್ಬನು ರೇಗಿದನು. "ನಾನಲ್ಲ ಕಣೋ, ದೇವರಾಣೆಗೂ ನಾನಲ್ಲ" ಎಂದು ಮಿಕ್ಕಿಬ್ಬರೂ ಹೇಳಿದರು. ಮೂವರ ಮಾತೂ ಸತ್ಯವಾಗಿತ್ತು. ಯಾರೂ ಬೇಕೆಂದು ತಳ್ಳಿರಲಿಲ್ಲ. ಆದರೂ ನಾಣ್ಯ ನಡೆಯುತ್ತಿತ್ತು. ಆ ಕ್ಷಣದಲ್ಲಿ ನಮ್ಮ ಮೈಯ ರೋಮಗಳು ನಿಮಿರಿದುದನ್ನು ಇಂದಿಗೂ ಮರೆತಿಲ್ಲ.

ನಮ್ಮಲ್ಲೊಬ್ಬನ ತಾಯಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಅವನು ತಾಯಿಯನ್ನು ಕರೆದನು. ನಾಣ್ಯ 'ಹೌದು' ಎಂಬಲ್ಲಿಗೆ ಹೋಗಿ ನಿಂತಿತು. ಅವನ ಕಣ್ಣಲ್ಲಿ ನೀರಾಡಿತು. ನಾವು ಮಾತಿಲ್ಲದೆ ಕುಳಿತೆವು. ಅಂದಿನಿಂದ ಪ್ರತಿ ರಾತ್ರಿಯೂ ಕೂಟ ನಡೆಯಿತು. ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ಅವನು, "ಅಮ್ಮಾ, ನಾನು ಈ ಸಲ ಪಾಸಾಗುತ್ತೇನೆಯೆ?" ಎಂದು ಕೇಳಿದನು. ನಾಣ್ಯ ತಡವರಿಸದೆ 'ಇಲ್ಲ' ಎಂಬಲ್ಲಿಗೆ ಸಾಗಿತು. ಮೂರು ಸಲ ಕೇಳಿದನು. ಮೂರು ಸಲವೂ 'ಇಲ್ಲ'. ಮಾರನೆಯ ದಿನ ಅವನು ಪುಸ್ತಕ ಮುಟ್ಟಲಿಲ್ಲ. ಮೂರನೆಯ ದಿನ ಟ್ರಂಕಿಗೆ ಬಟ್ಟೆ ತುಂಬತೊಡಗಿದನು. "ಅಮ್ಮನೇ ಹೇಳಿದ ಮೇಲೆ ಶುಲ್ಕ ಕಟ್ಟಿ ಬರೆಯುವುದೇಕೆ? ಊರಿಗೆ ಹೋಗಿ ಅಪ್ಪನ ಜೊತೆ ಹೊಲ ನೋಡಿಕೊಳ್ಳುತ್ತೇನೆ" ಎಂದನು.

ಆಟವೆಂದು ತೊಡಗಿದುದು ಒಬ್ಬನ ಬಾಳಿನ ದಾರಿಯನ್ನೇ ತಿರುಗಿಸುವ ಹಂತಕ್ಕೆ ಬಂದಿತ್ತು. 'ಇದೆಲ್ಲ ಸುಳ್ಳು' ಎಂದು ಹೇಳಿ ಅವನನ್ನು ತಡೆಯೋಣವೆಂದರೆ, ನಾಣ್ಯ ನಡೆದುದನ್ನು ನಾವೇ ಕಣ್ಣಾರೆ ಕಂಡಿದ್ದೆವು. 'ಇದು ನಿಜ' ಎನ್ನೋಣವೆಂದರೆ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು. ನಾವು ಮತ್ತೆ ವಾಚನಾಲಯಕ್ಕೆ ಹೋದೆವು. ಈ ಸಲ ಬೇರೆ ಕಪಾಟಿನಲ್ಲಿ ಹುಡುಕಿದೆವು.

ಮೇಜುಗಳು ತಿರುಗಿದ ವರ್ಷ

ನಮ್ಮ ಅನುಭವ ಹೊಸದೇನೂ ಅಲ್ಲವೆಂಬುದು ಅಲ್ಲಿ ತಿಳಿಯಿತು. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಎಂಬ ಮನೆತನದ ಇಬ್ಬರು ಹುಡುಗಿಯರು, ತಮ್ಮ ಪ್ರಶ್ನೆಗಳಿಗೆ ಪ್ರೇತವೊಂದು ಟಕಟಕ ಸದ್ದಿನಿಂದ ಉತ್ತರ ಕೊಡುತ್ತದೆಂದು ಹೇಳಿದರು. ಸುದ್ದಿ ಹಬ್ಬಿತು. ಪ್ರೇತಗಳೊಡನೆ ಸಂಭಾಷಿಸುವ ಕೂಟಗಳು ಅಮೆರಿಕದಿಂದ ಯುರೋಪಿಗೂ ದಾಟಿದವು. 1853ರ ವೇಳೆಗೆ ಇಂಗ್ಲೆಂಡಿನ ಮನೆಮನೆಗಳಲ್ಲಿ ಜನ ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಡತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಮೇಜು ತಿರುಗುತ್ತಿತ್ತು. ಕೆಲವರು ಪ್ರೇತದ ಕೆಲಸವೆಂದರು, ಕೆಲವರು ವಿದ್ಯುತ್ತೆಂದರು, ಕೆಲವರು ಇನ್ನೂ ಅರಿಯದ ಭೌತಶಕ್ತಿಯೊಂದು ಬೆರಳುಗಳಿಂದ ಹೊಮ್ಮುತ್ತದೆಂದರು. ನಾವು ಬಳಸಿದಂತಹ ಅಕ್ಷರದ ಹಲಗೆಗೆ ಅಮೆರಿಕದಲ್ಲಿ 1891ರಲ್ಲಿ ಪೇಟೆಂಟ್ ಕೂಡ ದೊರೆಯಿತು.

ಇದನ್ನು ಪಾಮರರ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಕವಿ ರವೀಂದ್ರನಾಥ ಠಾಕೂರರೂ 1929ರಲ್ಲಿ ಇಂತಹ ಕೂಟಗಳನ್ನು ನಡೆಸಿ, ತಮ್ಮನ್ನು ಅಗಲಿದ ಆಪ್ತರೊಡನೆ ಸಂಭಾಷಿಸಲು ಪ್ರಯತ್ನಿಸಿದರು. ಇಂಗ್ಲೆಂಡಿನ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಮಹಾಯುದ್ಧದಲ್ಲಿ ಮಡಿದ ತನ್ನ ಮಗನ ಸಂದೇಶಗಳೆಂದು ನಂಬಿ 1916ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಮನುಷ್ಯನು ಪ್ರೇತದ ಬಾಗಿಲನ್ನು ತಟ್ಟುವುದು ಬಹುಮಟ್ಟಿಗೆ ದುಃಖದ ಕೈಯಿಂದ. ಅಗಲಿದವರ ದನಿಯನ್ನು ಮತ್ತೊಮ್ಮೆ ಕೇಳಬೇಕೆಂಬ ಹಂಬಲಕ್ಕೆ ಪಾಂಡಿತ್ಯ ಅಡ್ಡಬರುವುದಿಲ್ಲ. ನಮ್ಮ ಗೆಳೆಯನ ಸ್ಥಿತಿಯೂ ಅದೇ ಆಗಿತ್ತು.

ಪುಸ್ತಕ ಕಟ್ಟುತ್ತಿದ್ದ ಹುಡುಗ

ಮೇಜು ತಿರುಗಿಸುವ ಗೀಳು ಇಂಗ್ಲೆಂಡಿನಲ್ಲಿ ಏರುತ್ತಿದ್ದಾಗ ಅದನ್ನು ಪರೀಕ್ಷಿಸಲು ಮುಂದಾದವನು ಮೈಕೇಲ್ ಫ್ಯಾರಡೆ. ವಿದ್ಯುಚ್ಛಾಸ್ತ್ರವನ್ನು ಓದಿದವರಿಗೆ ಈ ಹೆಸರಿನ ಪರಿಚಯ ಹೇಳಬೇಕಾಗಿಲ್ಲ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮಹಾನುಭಾವನೇ ಈತ. ಆದರೆ ಅವನ ಓದಿನ ರೀತಿ ವಿದ್ಯಾರ್ಥಿಗಳಾದ ನಮಗೆ ವಿಶೇಷವಾಗಿ ಮನನೀಯವಾದುದು.

ಫ್ಯಾರಡೆ 1791ರಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಪುಸ್ತಕ ಕಟ್ಟುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ರಟ್ಟು ಹಾಕಲು ಬಂದ ಪುಸ್ತಕಗಳನ್ನೇ ಬಿಡುವಿನಲ್ಲಿ ಓದಿದನು. ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನವೂ, ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ತಿಳಿಸಿದ ಜೇನ್ ಮಾರ್ಸೆಟ್ ಎಂಬ ಮಹಿಳೆಯ ಪುಸ್ತಕವೂ ಅವನ ಮನಸ್ಸನ್ನು ಸೆರೆಹಿಡಿದವು. ಆದರೆ ಓದಿದುದನ್ನು ಅವನು ಹಾಗೆಯೇ ನಂಬಲಿಲ್ಲ. ಕೈಗೆ ಎಟುಕಿದ ಅಲ್ಪ ಹಣದಲ್ಲಿ ಸಾಮಗ್ರಿ ಕೊಂಡು, ಪುಸ್ತಕದಲ್ಲಿದ್ದ ಪ್ರಯೋಗಗಳನ್ನು ತಾನೇ ಮಾಡಿ, ಪುಸ್ತಕದ ಮಾತು ನಿಜವೆಂದು ಕಂಡ ಮೇಲೆಯೇ ಅದನ್ನು ಒಪ್ಪಿದನು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಸಹಾಯಕನಾಗಿ ಸೇರಿದಾಗ ಅವನ ಬಳಿ ಯಾವ ಪದವಿಯೂ ಇರಲಿಲ್ಲ; ಈ ಅಭ್ಯಾಸವೊಂದಿತ್ತು.

ಹುಲ್ಲುಕಡ್ಡಿಯ ಸಾಕ್ಷ್ಯ

1853ರ ಜೂನ್ ತಿಂಗಳ ಕೊನೆಯಲ್ಲಿ ಫ್ಯಾರಡೆ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ತನ್ನ ಪರೀಕ್ಷೆಯ ಫಲವನ್ನು ತಿಳಿಸಿದನು. ಪ್ರಯೋಗದ ವಿವರಗಳು ಜುಲೈ 2ರಂದು 'ಅಥೀನಿಯಂ' ಪತ್ರಿಕೆಯಲ್ಲಿ ಅಚ್ಚಾದವು. ಅವನು ಆರಿಸಿಕೊಂಡವರು ಮೇಜು ತಿರುಗಿಸುವುದರಲ್ಲಿ ಯಶಸ್ವಿಗಳೆನಿಸಿದ, ಪ್ರಾಮಾಣಿಕರಾದ ಜನ. ಅವರು ಮೋಸಗಾರರೆಂಬ ಊಹೆಯಿಂದ ಅವನು ಹೊರಡಲಿಲ್ಲ. ಮೊದಲು ಮರ, ಗಾಜು, ಜೇಡಿಮಣ್ಣು, ತವರದ ತಗಡು ಮುಂತಾದ ನಾನಾ ವಸ್ತುಗಳನ್ನು ಒಟ್ಟಿ, ಮೇಜಿಗೂ ಕೈಗಳಿಗೂ ನಡುವೆ ಇರಿಸಿ ನೋಡಿದನು. ಮೇಜು ಎಂದಿನಂತೆಯೇ ತಿರುಗಿತು. ಆದುದರಿಂದ ಇಂತಹ ಒಟ್ಟಿಲನ್ನು ನಡುವೆ ಇಟ್ಟು ಪರೀಕ್ಷಿಸಿದರೆ ಪ್ರಯೋಗಕ್ಕೇನೂ ಭಂಗವಿಲ್ಲವೆಂದು ಖಚಿತವಾಯಿತು.

ಎರಡನೆಯ ಹೆಜ್ಜೆಯೇ ಮುಖ್ಯವಾದುದು. ರಟ್ಟಿನ ಕೆಲವು ತುಂಡುಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ನಡುವೆ ಮೆತ್ತನೆಯ ಅಂಟಿನ ಉಂಡೆಗಳನ್ನು ಸೇರಿಸಿದನು. ಈ ಅಂಟು ತುಂಡುಗಳನ್ನು ಹಿಡಿದಿಡುವಷ್ಟು ಗಟ್ಟಿ. ಆದರೆ ಒಂದೇ ಸಮನೆ ತಳ್ಳಿದರೆ ನಿಧಾನವಾಗಿ ಜಾರುವಷ್ಟು ಮೆದು. ಈಗ ವಾಚಕರು ಯೋಚಿಸಬೇಕು. ಮೇಜೇ ಮೊದಲು ಚಲಿಸಿ ಕೈಗಳನ್ನು ಎಳೆದೊಯ್ದರೆ, ಮೇಜಿಗೆ ಅಂಟಿದ ಕೆಳಗಿನ ರಟ್ಟು ಮುಂದಾಗಿ ಕೈಯ ಕೆಳಗಿನ ಮೇಲಿನ ರಟ್ಟು ಹಿಂದುಳಿಯಬೇಕು. ಕೈಗಳೇ ಮೊದಲು ಚಲಿಸಿ ಮೇಜನ್ನು ತಳ್ಳಿದರೆ, ಮೇಲಿನ ರಟ್ಟು ಮುಂದಾಗಿ ಕೆಳಗಿನದು ಹಿಂದುಳಿಯಬೇಕು. ಪ್ರೇತವಾದಿಗೂ ಸಂಶಯವಾದಿಗೂ ಸಮನಾಗಿ ಒಪ್ಪಿಗೆಯಾಗಬೇಕಾದ ಪರೀಕ್ಷೆ ಇದು. ಮೇಜು ತಿರುಗಿತು. ರಟ್ಟುಗಳನ್ನು ನೋಡಿದರೆ, ಮೇಲಿನದು ಮುಂದಾಗಿತ್ತು.

ಮೂರನೆಯದಾಗಿ ಅವನು ಎರಡು ಹಲಗೆಗಳ ನಡುವೆ ಗಾಜಿನ ಉರುಳೆಗಳನ್ನಿರಿಸಿ, ರಬ್ಬರಿನ ಪಟ್ಟಿಗಳಿಂದ ಬಿಗಿದು, ಹುಲ್ಲುಕಡ್ಡಿಯ ಉದ್ದನೆಯ ಸೂಚಿಯೊಂದನ್ನು ಜೋಡಿಸಿದನು. ಕೈಗಳು ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಪಕ್ಕಕ್ಕೆ ಒತ್ತಿದರೂ ಸೂಚಿ ದೊಡ್ಡದಾಗಿ ಬಾಗಿ ತೋರಿಸುತ್ತಿತ್ತು. ಸೂಚಿಯನ್ನು ಮರೆಮಾಡಿದಾಗ ಮೇಜು ಎಂದಿನಂತೆ ಚಲಿಸಿತು. ಅದನ್ನು ಕುಳಿತವರ ಕಣ್ಣೆದುರಿಗೆ ಇಟ್ಟಾಗ ಮೇಜು ಚಲಿಸಲೇ ಇಲ್ಲ. ತಾವು ನೇರವಾಗಿ ಕೆಳಕ್ಕೆ ಮಾತ್ರ ಒತ್ತುತ್ತಿದ್ದೇವೆಂದು ನಂಬಿದ್ದವರಿಗೆ, ತಮ್ಮ ಕೈ ಪಕ್ಕಕ್ಕೆ ಒತ್ತುತ್ತಿರುವುದು ಕಣ್ಣಿಗೆ ಕಂಡೊಡನೆ, ಅವರು ಅರಿಯದೆಯೇ ಕೈಯನ್ನು ತಿದ್ದಿಕೊಂಡರು. ಅರಿವು ಬಂದಲ್ಲಿ ಪ್ರೇತ ನಿಲ್ಲಲಿಲ್ಲ.

ನಮ್ಮ ಕೊಠಡಿಯ ಪರೀಕ್ಷೆ

ಇದನ್ನು ಓದಿದ ದಿನವೇ ನಾವು ಗೆಳೆಯನ ಬಳಿಗೆ ಹೋದೆವು. "ಊರಿಗೆ ಹೋಗುವುದಿದ್ದರೆ ಹೋಗು. ಹೋಗುವ ಮುಂಚೆ ಎರಡು ರಾತ್ರಿ ನಮ್ಮೊಡನೆ ಕುಳಿತು ಇದೊಂದನ್ನು ನೋಡು" ಎಂದೆವು. ಅವನು ಒಲ್ಲದ ಮನಸ್ಸಿನಿಂದ ಒಪ್ಪಿದನು.

ಮೊದಲ ಪರೀಕ್ಷೆ ರಟ್ಟಿನದು. ಮೇಣದಬತ್ತಿಯ ಮೇಣವನ್ನು ಕೊಬ್ಬರಿಯೆಣ್ಣೆಯೊಡನೆ ಕಲಸಿ ಮೆದುಮಾಡಿದೆವು. ಅಂಗೈಯಗಲದ ಎರಡು ರಟ್ಟುಗಳ ನಡುವೆ ನಾಲ್ಕು ಮೂಲೆಗಳಲ್ಲಿ ಅದರ ಉಂಡೆಗಳನ್ನಿಟ್ಟು ಅಂಟಿಸಿದೆವು. ಎರಡು ರಟ್ಟುಗಳ ಅಂಚಿನ ಮೇಲೂ ಹಾಯುವಂತೆ ಸೀಸದಕಡ್ಡಿಯಿಂದ ನೇರವಾದ ಗೆರೆಯೊಂದನ್ನು ಎಳೆದೆವು. ನಾಣ್ಯದ ಬದಲು ಈ ಜೋಡಿರಟ್ಟನ್ನೇ ಹಾಳೆಯ ಮೇಲಿಟ್ಟು ಬೆರಳಿರಿಸಿದೆವು. ರಟ್ಟು ಅಕ್ಷರಗಳತ್ತ ನಡೆಯಿತು. ಐದು ಸಲ ನೋಡಿದೆವು. ಐದು ಸಲವೂ ಮೇಲಿನ ಗೆರೆ, ರಟ್ಟು ಸಾಗಿದ ದಿಕ್ಕಿಗೆ, ಕೆಳಗಿನ ಗೆರೆಗಿಂತ ಮುಂದೆ ಸರಿದಿತ್ತು.

ಎರಡನೆಯ ಪರೀಕ್ಷೆ ಕಣ್ಣಿನದು. ಬೆರಳಿಟ್ಟ ಮೂವರ ಕಣ್ಣಿಗೂ ವಸ್ತ್ರ ಕಟ್ಟಿ, ನಾಲ್ಕನೆಯವನು ಸದ್ದಿಲ್ಲದೆ ಹಾಳೆಯನ್ನು ಕಾಲುಸುತ್ತು ತಿರುಗಿಸಿದನು. ನಾಣ್ಯ ಧೈರ್ಯವಾಗಿಯೇ ನಡೆಯಿತು. ಆದರೆ ಅದು ಹೋದುದು 'ಹೌದು' ಎಂಬುದು ಮೊದಲು ಇದ್ದ ಜಾಗಕ್ಕೆ. ಈಗ ಅಲ್ಲಿ ಇದ್ದುದು ಬರಿಯ ಹಾಳೆ. ಪ್ರೇತಕ್ಕೆ ಕಣ್ಣಿದ್ದರೆ ಹಾಳೆ ತಿರುಗಿದುದು ಕಾಣಬೇಕಾಗಿತ್ತು. ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿದರೆ ಪ್ರೇತಕ್ಕೂ ಕುರುಡಾಯಿತು.

ಮೂರನೆಯದು ಅಂಕಿಯ ಪರೀಕ್ಷೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಚೀಟಿಗಳಲ್ಲಿ ಬರೆದು, ನಾಲ್ಕನೆಯವನು ಬೇರೆ ಕೊಠಡಿಯಲ್ಲಿ ಒಂದನ್ನೆತ್ತಿ ನೋಡುತ್ತಿದ್ದನು. ನಾಣ್ಯ ಆ ಅಂಕಿಯನ್ನು ಹೇಳಬೇಕು. ಹತ್ತು ಸಲ ಕೇಳಿದೆವು. ಒಂದು ಸಲ ಸರಿಯಾಯಿತು. ಕಣ್ಣುಮುಚ್ಚಿ ಊಹಿಸಿದರೂ ಹತ್ತರಲ್ಲಿ ಸರಾಸರಿ ಒಂದು ಸರಿಯಾಗುತ್ತದೆ. ಅನಂತರ ಚೀಟಿಯನ್ನು ಬೆರಳಿಟ್ಟವರಲ್ಲೊಬ್ಬನಿಗೆ ಮಾತ್ರ ಗುಟ್ಟಾಗಿ ತೋರಿಸಿ, 'ನೀನು ತಳ್ಳಬೇಡ' ಎಂದು ಹೇಳಿ ಮತ್ತೆ ಹತ್ತು ಸಲ ಕೇಳಿದೆವು. ಒಂಬತ್ತು ಸಲ ಸರಿಯಾಯಿತು! ಅವನು ತಳ್ಳಲಿಲ್ಲವೆಂದು ಆಣೆಯಿಟ್ಟನು; ನಾವೂ ನಂಬಿದೆವು. ನಾಣ್ಯಕ್ಕೆ ತಿಳಿದಿದ್ದುದು ಬೆರಳಿನ ಒಡೆಯನಿಗೆ ತಿಳಿದಿದ್ದಷ್ಟೇ.

ಆಗ ಗೆಳೆಯನು ತಾನಾಗಿಯೇ ಹಳೆಯ ಕೂಟಗಳ ದಾಖಲೆಯನ್ನು ತೆಗೆದು ನೋಡಿದನು. ಅವನ ತಾಯಿಗೆ ಓದುಬರಹ ತಿಳಿದಿರಲಿಲ್ಲ. ಆದರೆ ನಾಣ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಉತ್ತರ ಕೊಟ್ಟಿತ್ತು. ಅಷ್ಟೇ ಅಲ್ಲ, ತಮ್ಮೂರಿನ ಹೆಸರನ್ನು ಬರೆಯುವಾಗ ಅವನು ಯಾವ ಅಕ್ಷರವನ್ನು ತಪ್ಪಾಗಿ ಬರೆಯುತ್ತಿದ್ದನೋ, ನಾಣ್ಯವೂ ಅದೇ ತಪ್ಪನ್ನು ಮಾಡಿತ್ತು. ಅವನು ಬಹಳ ಹೊತ್ತು ಸುಮ್ಮನಿದ್ದನು. ಕೊನೆಗೆ, "ಹಾಗಾದರೆ 'ಇಲ್ಲ' ಎಂದವನು ನಾನೇ" ಎಂದನು.

ಬೆರಳಿನ ಒಳಗುಟ್ಟು

ಇದು ಹೇಗಾಗುತ್ತದೆ? ಇಂಗ್ಲಿಷ್ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲಿ ಇದಕ್ಕೊಂದು ಹೆಸರು ಕೊಟ್ಟನು. ಮನಸ್ಸಿನಲ್ಲಿ ಬಲವಾಗಿ ನೆಲೆಸಿದ ಭಾವನೆ, ಇಚ್ಛೆಯ ಅಪ್ಪಣೆಗೆ ಕಾಯದೆ ಸ್ನಾಯುಗಳನ್ನು ನೇರವಾಗಿ ಪ್ರೇರಿಸಬಲ್ಲದು. ಇದನ್ನು ಕನ್ನಡದಲ್ಲಿ 'ಭಾವಪ್ರೇರಿತ ಚಲನೆ' ಎನ್ನಬಹುದು. ನಿಂಬೆಹಣ್ಣನ್ನು ನೆನೆದರೆ ಬಾಯಲ್ಲಿ ನೀರೂರುವುದು, ಕುಸ್ತಿ ನೋಡುವವನ ತೋಳು ತಾನಾಗಿ ಬಿಗಿಯುವುದು, ಇವು ಇದಕ್ಕೆ ಸಮೀಪದ ಉದಾಹರಣೆಗಳು.

ಚಾಚಿ ಹಿಡಿದ ಬೆರಳು ಎಂದಿಗೂ ಪೂರ್ಣವಾಗಿ ನಿಶ್ಚಲವಲ್ಲ. ಆರೋಗ್ಯವಂತನ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಅತಿ ಸೂಕ್ಷ್ಮವಾಗಿ ಕಂಪಿಸುತ್ತಿರುತ್ತದೆ. ಇಂತಹ ಬೆರಳನ್ನು ನಿರೀಕ್ಷೆಯು ಒಂದು ದಿಕ್ಕಿಗೆ ತುಸು ಹೆಚ್ಚಾಗಿ ವಾಲಿಸಿದರೆ ಸಾಕು. ನಾಣ್ಯವನ್ನು ಸರಿಸಲು ಬೇಕಾದ ಬಲವೂ ಅತ್ಯಲ್ಪ. ಮೂರು ಬೆರಳುಗಳೂ ನಾಣ್ಯವೂ ಸೇರಿ 30 ಗ್ರಾಂ ತೂಕದಷ್ಟು ಒತ್ತುತ್ತವೆಂದೂ, ಘರ್ಷಣಾಂಕ 0.3 ಎಂದೂ ಇಟ್ಟುಕೊಳ್ಳೋಣ. ಆಗ 9 ಗ್ರಾಂ ತೂಕದಷ್ಟು ಬಲದಿಂದ ನಾಣ್ಯ ಜಾರುತ್ತದೆ. ಒಬ್ಬೊಬ್ಬನ ಪಾಲಿಗೆ 3 ಗ್ರಾಂ ಮಾತ್ರ! ಜೊತೆಗೆ, ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲಕ್ಕಿಂತ ಹೊರಟ ವಸ್ತುವನ್ನು ನಡೆಸಲು ಬೇಕಾದ ಬಲ ಸಾಮಾನ್ಯವಾಗಿ ಕಡಮೆ. ಆದುದರಿಂದಲೇ ನಾಣ್ಯ ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೆ 'ಜೀವ ಬಂದಂತೆ' ಹೊರಡುವುದು. ಹೊರಟ ಮೇಲೆ ಪ್ರತಿಯೊಬ್ಬನ ಬೆರಳೂ ಅದನ್ನು ಹಿಂಬಾಲಿಸುತ್ತದೆ. ಹಿಂಬಾಲಿಸುವಾಗಲೇ ತಿಳಿಯದೆ ಮುಂದಕ್ಕೆ ಒತ್ತುತ್ತದೆ. ತಳ್ಳಿದವರು ಮೂವರಾದುದರಿಂದ 'ನಾನು ತಳ್ಳಿದೆ' ಎಂದು ಯಾರಿಗೂ ಅನ್ನಿಸುವುದಿಲ್ಲ.

ನಿಜವಾದ ಭವಿಷ್ಯಗಳ ಲೆಕ್ಕ

"ಆದರೆ ನಾಣ್ಯ ಹೇಳಿದ್ದು ನಿಜವಾದದ್ದನ್ನು ನಾವು ಕೇಳಿದ್ದೇವೆ" ಎನ್ನುವವರು ಉಂಟು. ಅವರು ಸುಳ್ಳು ಹೇಳುತ್ತಾರೆಂದಲ್ಲ. ಒಂದು ವಿದ್ಯಾರ್ಥಿನಿಲಯದಲ್ಲಿ 64 ಮಂದಿ ಇದ್ದಾರೆಂದೂ, ಪ್ರತಿಯೊಬ್ಬನೂ 'ಹೌದು, ಇಲ್ಲ' ಎಂಬ ಉತ್ತರದ ಆರು ಪ್ರಶ್ನೆಗಳನ್ನು ಕೇಳುತ್ತಾನೆಂದೂ ಭಾವಿಸೋಣ. ಉತ್ತರಗಳು ಬರಿಯ ಆಕಸ್ಮಿಕವಾಗಿದ್ದು, ಪ್ರತಿ ಉತ್ತರವೂ ಸರಿಯಾಗುವ ಸಂಭವ ಅರ್ಧದಷ್ಟಿದ್ದರೂ, ಸರಾಸರಿ ಒಬ್ಬನಿಗೆ ಆರಕ್ಕೆ ಆರೂ ನಿಜವಾಗುತ್ತವೆ. ಅವನು ಆ ಕಥೆಯನ್ನು ಬಾಳೆಲ್ಲ ಹೇಳುತ್ತಾನೆ. ಉಳಿದ 63 ಮಂದಿಗೆ ಹೇಳಲು ಕಥೆಯೇ ಇಲ್ಲ.

ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ತಾತ್ಪರ್ಯದ ಹಳೆಯ ಪ್ರಸಂಗವೊಂದನ್ನು ಹೇಳುತ್ತಾನೆ. ಹರಕೆ ಹೊತ್ತು ಹಡಗಿನ ಅಪಘಾತದಿಂದ ಪಾರಾದವರ ಚಿತ್ರಗಳನ್ನು ದೇವಾಲಯದಲ್ಲಿ ಒಬ್ಬನಿಗೆ ತೋರಿಸಿದರಂತೆ. ಹರಕೆ ಹೊತ್ತೂ ಮುಳುಗಿದವರ ಚಿತ್ರಗಳು ಎಲ್ಲಿವೆ ಎಂದು ಅವನು ಕೇಳಿದನಂತೆ. ಅಲೌಕಿಕದ ಯಾವುದೇ ಪುಸ್ತಕವನ್ನು ಓದುವಾಗಲೂ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿರಬೇಕು.

ಓದುವ ಬಗೆ

ಹಾಗಾದರೆ ಇಂತಹ ಪುಸ್ತಕಗಳನ್ನು ಓದಲೇಬಾರದೆ? ಓದಬೇಕು; ಆದರೆ ಪೂರ್ತಿಯಾಗಿ ಓದಬೇಕು. ಫಾಕ್ಸ್ ಸೋದರಿಯರ ಕಥೆಯನ್ನು 1848ಕ್ಕೆ ನಿಲ್ಲಿಸಿದರೆ ಪವಾಡ. 1888ರವರೆಗೆ ಓದಿದರೆ, ಅವರಲ್ಲೊಬ್ಬಳಾದ ಮಾರ್ಗರೆಟ್ ನ್ಯೂಯಾರ್ಕಿನ ಸಭೆಯೊಂದರಲ್ಲಿ, ಕಾಲ್ಬೆರಳಿನ ಕೀಲುಗಳಿಂದ ಆ ಸದ್ದನ್ನು ಮಾಡುತ್ತಿದ್ದೆವೆಂದು ಒಪ್ಪಿಕೊಂಡು ಮಾಡಿ ತೋರಿಸಿದುದು ತಿಳಿಯುತ್ತದೆ. ಮರುವರ್ಷ ಆಕೆ ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಳೆಂಬುದನ್ನೂ ಓದಬೇಕು; ಆದರೆ ಕೀಲಿನಿಂದ ಸದ್ದು ಹೊರಡಿಸಬಹುದೆಂಬುದನ್ನು ಜನ ಆಗಲೇ ಕೇಳಿಯಾಗಿತ್ತು. ಷರ್ಲಾಕ್ ಹೋಮ್ಸ್ ಎಂಬ ಚತುರ ಪತ್ತೇದಾರನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್, ಕಾಟಿಂಗ್ಲಿ ಎಂಬ ಊರಿನ ಇಬ್ಬರು ಹುಡುಗಿಯರು 1917ರಲ್ಲಿ ತೆಗೆದ ಕಿನ್ನರಿಯರ ಛಾಯಾಚಿತ್ರಗಳನ್ನು ನಂಬಿ 1920ರಲ್ಲಿ ಲೇಖನ ಬರೆದನು. ಆ ಕಿನ್ನರಿಯರು ಕಾಗದದಲ್ಲಿ ಕತ್ತರಿಸಿದ ಚಿತ್ರಗಳೆಂದು ಅವರು ಒಪ್ಪಿದುದು 1983ರಲ್ಲಿ, ತಮ್ಮ ಮುಪ್ಪಿನಲ್ಲಿ.

ನಮ್ಮ ಹಿರಿಯರ ತರ್ಕಶಾಸ್ತ್ರದಲ್ಲಿ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದರು. ಪುಸ್ತಕ ನಮಗೆ ಶಬ್ದಪ್ರಮಾಣ. ಅದನ್ನು ಹೇಳಿದವನು ಆಪ್ತನೆ, ಬಲ್ಲವನೆ ಎಂದು ಕೇಳುವ ಹಕ್ಕು ಓದುಗನಿಗೆ ಇದೆ. ಕಂಡದ್ದೂ ಸಾಲದು, ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬುದು ನಮ್ಮ ಗಾದೆ. ನಾಣ್ಯ ಚಲಿಸಿದುದು ಪ್ರತ್ಯಕ್ಷ. ಪ್ರೇತ ಚಲಿಸಿತೆಂಬುದು ಆ ಪ್ರತ್ಯಕ್ಷಕ್ಕೆ ನಾವು ಹೆಣೆದ ಅನುಮಾನ. ಇವೆರಡನ್ನು ಬೇರೆ ಮಾಡಿ ನೋಡಿದಾಗಲೇ ಪರೀಕ್ಷೆಗೆ ದಾರಿ ತೆರೆಯಿತು.

ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. 'ಪರೀಕ್ಷಿಸಬಹುದಾದ' ಎಂಬ ಮಾತನ್ನು ಗಮನಿಸಬೇಕು. ವಿಜ್ಞಾನ ಎಲ್ಲ ನಂಬಿಕೆಗಳ ಮೇಲೂ ತೀರ್ಪು ಕೊಡಲು ಹೊರಡುವುದಿಲ್ಲ. ಪರೀಕ್ಷೆಗೆ ಬರುವುದನ್ನು ಪರೀಕ್ಷಿಸೋಣವೆನ್ನುತ್ತದೆ. ಅದೇ 1976ರ 42ನೆಯ ತಿದ್ದುಪಡಿಯ ಮೂಲಕ, ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೊಂದೆಂದು ನಮ್ಮ ಸಂವಿಧಾನದಲ್ಲಿ ಸೇರಿತು. ಅಲ್ಲಿ ಮಾನವೀಯತೆ ಜೊತೆಗೇ ಬಂದಿರುವುದು ಅರ್ಥಪೂರ್ಣ. ನಮ್ಮ ಗೆಳೆಯನನ್ನು ನಾವು ನಕ್ಕು ಗೇಲಿ ಮಾಡಿದ್ದರೆ ಅವನು ಟ್ರಂಕನ್ನೆತ್ತಿಕೊಂಡು ಹೊರಟುಬಿಡುತ್ತಿದ್ದನು.

ಮಾಡಿ ನೋಡಿ

ವಾಚಕರು ಒಬ್ಬರೇ ಕುಳಿತು ಮಾಡಬಹುದಾದ ಪರೀಕ್ಷೆಯೊಂದುಂಟು. ಉಂಗುರವೊಂದನ್ನು ಒಂದು ಮೊಳದ ನೂಲಿಗೆ ಕಟ್ಟಿ, ತುದಿಯನ್ನು ಎರಡು ಬೆರಳುಗಳಿಂದ ಹಿಡಿದು ತೂಗಬಿಡಿ. ಕೆಳಗೆ ಕಾಗದದ ಮೇಲೆ ಅಡ್ಡಗೆರೆಯನ್ನೂ ಉದ್ದಗೆರೆಯನ್ನೂ ಎಳೆದಿಡಿ. ಕೈಯನ್ನು ಅಲುಗಿಸದೆ, ಉಂಗುರ ಉದ್ದಗೆರೆಯ ಮೇಲೆ ತೂಗಲಿ ಎಂದು ನೆನೆಯಿರಿ. ಬಹುಮಂದಿಯ ಕೈಯಲ್ಲಿ ಅದು ಹಾಗೆಯೇ ತೂಗತೊಡಗುತ್ತದೆ. ಮನಸ್ಸನ್ನು ಅಡ್ಡಗೆರೆಗೆ ತಿರುಗಿಸಿದರೆ ಅದೂ ತಿರುಗುತ್ತದೆ. ಈಗ ಕಣ್ಣು ಮುಚ್ಚಿಕೊಂಡು, ಗೆಳೆಯನೊಬ್ಬನಿಂದ ಕಾಗದವನ್ನು ನಿಮಗೆ ತಿಳಿಯದಂತೆ ತಿರುಗಿಸಿ ನೋಡಿ. ಆಮೇಲೆ ಮೊಣಕೈಯನ್ನೂ ಮಣಿಕಟ್ಟನ್ನೂ ಮೇಜಿಗೆ ಆನಿಸಿ ನೋಡಿ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರಲ್ ಇಂತಹ ಲೋಲಕವನ್ನು ಪರೀಕ್ಷಿಸಿ, ಕೈಯನ್ನು ಆನಿಸಿದಷ್ಟೂ ತೂಗಾಟ ತಗ್ಗುವುದನ್ನೂ, ಕಣ್ಣಿಗೆ ಬಟ್ಟೆ ಕಟ್ಟಿದಾಗ ಅದರ 'ಶಕ್ತಿ' ಮಾಯವಾಗುವುದನ್ನೂ 1833ರಲ್ಲಿ ಆಂಪಿಯರನಿಗೆ ಪತ್ರದಲ್ಲಿ ಬರೆದು ತಿಳಿಸಿದನು. ತನ್ನ ಕೈಯೇ ತನ್ನನ್ನು ಮೋಸಗೊಳಿಸಿತ್ತೆಂದು ಒಪ್ಪಿಕೊಳ್ಳಲು ಆ ಪಂಡಿತನು ನಾಚಲಿಲ್ಲ.

ನಮ್ಮ ಗೆಳೆಯನ ಮಾತು ಉಳಿಯಿತಷ್ಟೆ. ಅವನು ಪರೀಕ್ಷೆಗೆ ಕುಳಿತು ಉತ್ತೀರ್ಣನಾದನು. ಆದರೆ ಇದರಿಂದ ಪ್ರೇತ ಸುಳ್ಳಾಯಿತೆಂದು ನಾವು ವಾದಿಸುವುದಿಲ್ಲ. ಅವನು ಅನುತ್ತೀರ್ಣನಾಗಿದ್ದರೂ ನಮ್ಮ ರಟ್ಟಿನ ಗೆರೆ ತೋರಿಸಿದ ದಿಕ್ಕು ಬದಲಾಗುತ್ತಿರಲಿಲ್ಲ. ಅವನೇ ಒಂದು ದಿನ ಹೇಳಿದ ಮಾತು ನಮಗೆ ಹೆಚ್ಚಿನದೆಂದು ತೋರುತ್ತದೆ: "ನಾಣ್ಯ ಅಮ್ಮನದಲ್ಲವೆಂದು ತಿಳಿದಾಗ ಮೊದಲು ಅಮ್ಮನನ್ನು ಮತ್ತೊಮ್ಮೆ ಕಳೆದುಕೊಂಡಂತಾಯಿತು. ಆಮೇಲೆ ಅನ್ನಿಸಿತು, ನನಗೆ 'ಆಗುವುದಿಲ್ಲ' ಎಂದು ಅಮ್ಮ ಬದುಕಿದ್ದಾಗ ಒಂದು ದಿನವೂ ಹೇಳಿದವಳಲ್ಲ."

ಬೇತಾಳನ ಕಥೆಯನ್ನು ಮತ್ತೆ ನೆನೆಯೋಣ. ವಿಕ್ರಮನು ಸ್ಮಶಾನಕ್ಕೆ ಹೋಗಲು ಅಂಜಲಿಲ್ಲ. ಹೆಗಲ ಮೇಲಿನ ಶವ ಮಾತನಾಡಿದಾಗ ಎಸೆದು ಓಡಲಿಲ್ಲ. ಕೇಳಿದ ಪ್ರಶ್ನೆಗೆ ವಿಚಾರಮಾಡಿ ಉತ್ತರ ಕೊಟ್ಟನು. ಉತ್ತರ ಕೊಟ್ಟಾಗಲೆಲ್ಲ ಬೇತಾಳ ಮರಕ್ಕೆ ಹಾರಿತು; ಅವನು ಮತ್ತೆ ಮರಳಿದನು. ಕುತೂಹಲದ ದಾರಿಯೂ ಅಂತಹುದೇ. ಒಂದು ಪ್ರಶ್ನೆ ಬಗೆಹರಿದರೆ ಇನ್ನೊಂದು ಮರವೇರಿ ಕುಳಿತಿರುತ್ತದೆ. ಮರಳಿ ಹೋಗುವ ಛಲವನ್ನು ವಿದ್ಯಾರ್ಥಿಗಳಾದ ನಾವು ಬಿಡದಿರೋಣ.